ನಮ್ಮದನ್ನೂ ಅಳೆಯಿರಿ

ಅಂಗಡಿಗಳೆಲ್ಲ ಮುಂದಕ್ಕೆ ಚಾಚಿಕೊಂಡು, ನಡೆಯುವವರಿಗೆ ಕಾಲಿಡಲು ಜಾಗವಿಲ್ಲದ ಬೀದಿ ಯಾವ ಊರಿನಲ್ಲಿಲ್ಲ ಹೇಳಿ!

ಇಂಥದೇ ಬೀದಿಗೆ ಒಂದು ಬೆಳಿಗ್ಗೆ ಪುರಸಭೆಯವರು ಬಂದರು. ನೆಟ್ಟಗೆ ಟೈಲರ್ ಅಂಗಡಿಗೇ ನಡೆದರು. ಅಳೆಯಲು ಟೇಪು ತಂದಿರಲಿಲ್ಲ. ಪಕ್ಕದ ಬಣ್ಣದಂಗಡಿಯವನು ತನ್ನ ಟೇಪು ಕೊಟ್ಟ. ಕೊಟ್ಟು ಸುಮ್ಮನಿರಬಾರದೇ? ಇನ್ನೊಂದು ತುದಿ ಹಿಡಿದೂ ನಿಂತ. ಟೈಲರನ ತಗಡಿನ ಚಾವಣಿ ಗೇಣುದ್ದ ಹೆಚ್ಚಿತ್ತು. ಕಿತ್ತು ಲಾರಿಗೆ ಹಾಕಿದರು. ಹೊಲಿಗೆ ಯಂತ್ರ ಬಿಸಿಲಿಗೆ ಬಿತ್ತು.

ಬಣ್ಣದಂಗಡಿಯ ಚಾವಣಿ ಮಾರುದ್ದ ಚಾಚಿತ್ತು. ಅದರ ಮೇಲೆ ಆಳುವ ಪಕ್ಷದ ಬಾವುಟವಿತ್ತು. ಅಧಿಕಾರಿ ಅದನ್ನು ನೋಡಿ ನಕ್ಕು, ಟೇಪು ಸುತ್ತಿ ಕೊಟ್ಟು ಹೋದ. ಟೈಲರ್ ಚುನಾವಣೆಯಲ್ಲಿ ಎದುರು ಪಕ್ಷಕ್ಕೆ ಓಡಾಡಿದ್ದು ಬೀದಿಗೆಲ್ಲ ಗೊತ್ತಿತ್ತು.

ಬಣ್ಣದಂಗಡಿಯವನ ಹೆಂಡತಿ ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಊಟಕ್ಕೆ ಕೂತಾಗ ಅವನೇ ಮಾತು ತೆಗೆದ.

"ಅವನದು ತಪ್ಪಿತ್ತು, ಕಿತ್ತರು. ನನ್ನದೇನಿದೆ ಇದರಲ್ಲಿ?"

"ನಾನೇನಾದ್ರೂ ಅಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿಮ್ಮ ಕಥೆ."

"ಪಕ್ಷ ನೋಡಿ ಮಾಡಿದ್ರು ಅನ್ನೋಕೆ ಆಗುತ್ತೇನೇ?"

"ಗೊತ್ತಿಲ್ಲ. ಅದಕ್ಕೇ ಕೇಳ್ಬೇಕು. ನೋಟಿಸ್ ಕೊಟ್ಟಿದ್ರಾ? ಬೇರೆ ಯಾರದು ಅಳೆದ್ರು? ಅವನೊಬ್ಬನೇ ಯಾಕೆ? ಬರೆದು ಕೇಳಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಆದ್ರೆ ಅದನ್ನ ಕಾನೂನು ಅಂತಾರಾ?"

"ಕೇಳಿದ್ರೆ ನಮ್ಮದೂ ಕೀಳ್ತಾರೆ!"

"ಕೀಳಲಿ. ನಾಳೆ ಆಳೋರು ಬದಲಾದ್ರೆ ಯಾರ ಬಾಗಿಲಿಗೆ ಬರ್ತಾರೆ ಹೇಳಿ?"

ಅವನು ತಟ್ಟೆ ಸರಿಸಿ ಎದ್ದ. ತಾನು ಟೇಪು ಹಿಡಿದಾಗ ಟೈಲರ್ ಬೈದಿರಲಿಲ್ಲ, ಸುಮ್ಮನೆ ಮುಖ ನೋಡಿದ್ದ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನ ಟೈಲರನ ಮುಂದೆ ನಿಂತ. "ಅಣ್ಣಾ, ನನ್ನದು ತಪ್ಪಾಯ್ತು. ಅರ್ಜಿ ಬರೆಸಿದ್ದೀನಿ, ಬಾ ಪುರಸಭೆಗೆ."

ಟೈಲರ್ ತಲೆ ಎತ್ತಲಿಲ್ಲ. "ನಿನ್ನ ಚಾವಣಿ ಹೋಗುತ್ತಲ್ಲಪ್ಪ."

"ಹೋಗಲಿ."

ಇಬ್ಬರೂ ಹೋದರು. ಇಡೀ ಬೀದಿಯನ್ನು ಒಂದೇ ಅಳತೆಯಲ್ಲಿ ಅಳೆಯಿರಿ, ಮೊದಲು ನನ್ನದನ್ನು ಅಳೆಯಿರಿ ಎಂದಿತ್ತು ಅರ್ಜಿ. ಅಧಿಕಾರಿ ಓದಿ ಬೆರಗಾದ.

"ಇದೇನ್ರೀ? ನೀವು ನಮ್ಮೋರಲ್ವಾ?"

ಟೈಲರ್ ಪಕ್ಕದಲ್ಲೇ ನಿಂತಿದ್ದ. ಬಣ್ಣದಂಗಡಿಯವನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಅದೇ ಸಾರ್ ತಪ್ಪಾಗಿರೋದು," ಎಂದ. "ಅರ್ಜಿ ತಲುಪಿತು ಅಂತ ಸೀಲು ಹಾಕಿ ಕೊಡಿ."

ಓದುಗರೇ, ನಿಮ್ಮ ಬೀದಿಯಲ್ಲಿ ಕಾನೂನು ಒಂದೇ ಬಾಗಿಲು ತಟ್ಟಿದರೆ, ಆ ಮನೆಯವರು ಯಾವ ಪಕ್ಷ ಎಂದು ನೋಡಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ನಿಮ್ಮದೂ ತಪ್ಪಿದ್ದರೆ ಒಪ್ಪಿಕೊಳ್ಳಿ. ಪಕ್ಕದವರ ಮುಖ ನೋಡಲಾಗದ ಬಾಳು ಯಾರಿಗೂ ಬೇಡ.