ಹಿಂದಿನ ಜೀಪಿನ ದೀಪ

ಆ ಊರಿನಲ್ಲಿ ಯಾರ ಮಾನ ಉಳಿದಿದೆ, ಯಾರದ್ದು ಹೋಗಿದೆ ಎಂದು ಗೊತ್ತಾಗುತ್ತಿದ್ದುದು ನಡುಚಳಿಗಾಲದ ಔತಣದ ದಿನ. ಹುಳಿ ಹಿಡಿಸಿದ ಟಗರಿನ ಮಾಂಸ, ಮೂಗು ಮುಚ್ಚಿಕೊಂಡು ತಿನ್ನಬೇಕಾದ ಶಾರ್ಕ್ ಮೀನಿನ ತುಂಡು, ಅದು ಗಂಟಲಿಗಿಳಿಯಲೆಂದು ಮೇಲೊಂದು ಗುಟುಕು ಬ್ರೆನ್ನಿವಿನ್ ಸಾರಾಯಿ. ಇಷ್ಟಾದ ಮೇಲೆ ಬ್ರಾಂದುರ್ ವೇದಿಕೆ ಹತ್ತುತ್ತಿದ್ದ. ವರ್ಷವಿಡೀ ಯಾರು ಎಲ್ಲಿ ಎಡವಿದರು, ಯಾರ ಕುರಿ ಯಾರ ತೋಟ ಹೊಕ್ಕಿತು, ಎಲ್ಲವನ್ನೂ ಆಡಿ ತೋರಿಸಿ ನಗಿಸುವುದು ಅವನ ಕೆಲಸ. ಯಾರೂ ವಹಿಸಿಕೊಟ್ಟದ್ದಲ್ಲ. ಮೊದಲಿನಿಂದ ಅವನೇ ಮಾಡುತ್ತ ಬಂದ, ಹಾಗಾಗಿ ಅವನದೇ ಆಯಿತು. ಬಾಯಿಗೆ ಬೀಗವಿಲ್ಲದ ಮನುಷ್ಯ.

ಈ ಫೆಬ್ರವರಿಯಲ್ಲಿ ಅವನ ಬಾಯಿಗೆ ಸಿಕ್ಕವಳು ಯೋರುನ್. ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಹಳೆಯ ಜೀಪೊಂದನ್ನು ಕೊಂಡು ಊರಿನ ಜೀಪು ಸಂಘಕ್ಕೆ ಹೊಸದಾಗಿ ಸೇರಿದ್ದಳು. ಮೊದಲ ಸಲ ಬೆಟ್ಟದ ಹಿಮಕ್ಕೆ ಬಂದಾಗ ಹಳ್ಳದ ದಂಡೆಯಲ್ಲಿ ಅವಳ ಗಾಡಿ ಹೂತುಕೊಂಡಿತು. ಗಾಬರಿಯಾಗಿ ವೈರ್‌ಲೆಸ್ಸಿನಲ್ಲಿ ಕೂಗಿಕೊಂಡಳು, ಉಳಿದವರು ಓಡಿ ಬಂದು ನೋಡಿದರೆ ನೀರು ಮೊಣಕಾಲಿಗೂ ಇಲ್ಲ. ಅಷ್ಟೇ ಸಂಗತಿ. ಔತಣದ ದಿನ ಬ್ರಾಂದುರ್ ತನ್ನ ಹೆಂಡತಿ ಸ್ವಾಲಾಳ ಅಂಗಿ ತೊಟ್ಟು, ಸೌಟನ್ನು ಮೈಕಿನಂತೆ ಬಾಯಿಗೆ ಹಿಡಿದು, ಕೀರಲು ದನಿ ತೆಗೆದ: “ಅಯ್ಯಯ್ಯೋ, ಬನ್ರಪ್ಪೋ ಯಾರಾದ್ರೂ! ಕಾಲುಚೀಲ ಒದ್ದೆ ಆಗ್ತಾ ಇದೆ! ಹೆಲಿಕಾಪ್ಟರ್ ಕಳ್ಸಿ!” ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಯೋರುನ್ ಕೂಡ ನಕ್ಕಳು.

ಆಮೇಲೆ ಶುರುವಾಯಿತು ನೋಡಿ. ಈಜುಕೊಳದ ಬಿಸಿನೀರ ತೊಟ್ಟಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯಲ್ಲಿ, ಅವಳು ಎಲ್ಲಿ ಕಂಡರೂ “ಏನಮ್ಮಾ, ಕಾಲುಚೀಲ ಒಣಗ್ತಾ?” ಅವಳು ಕಲಿಸುವ ಮಕ್ಕಳ ಬಾಯಿಗೂ ಅದು ಹತ್ತಿತು. ತನ್ನ ಮಾತು ಊರೆಲ್ಲ ಓಡಾಡುತ್ತಿದೆ ಎಂದು ಬ್ರಾಂದುರನಿಗೆ ಒಳಗೊಳಗೇ ಖುಷಿ.

ಏಪ್ರಿಲ್ ಶುರುವಿನಲ್ಲಿ ನಾಲ್ಕು ಜೀಪು ಬೆಟ್ಟದ ಮೇಲಿನ ತಂಗುಮನೆಗೆ ಹೊರಟವು. ಮುಂದೆ ದಾರಿ ಹಿಡಿಯುವುದಕ್ಕೆ ಮೆಕ್ಯಾನಿಕ್ ಟೇಟುರ್, ಅವನ ಹಿಂದೆ ತನ್ನ ಜೀಪಿನಲ್ಲಿ ಸ್ವಾಲಾ, ಮೂರನೆಯವಳು ಯೋರುನ್, ಕೊನೆಗೆ ಬ್ರಾಂದುರ್. ಹೊಸಬರನ್ನು ಕೊನೆಗೆ ಬಿಡಬಾರದು ಎಂಬುದು ಅಲ್ಲಿಯ ನಿಯಮ. ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು: ಪ್ರತಿಯೊಬ್ಬರೂ ತಮ್ಮ ಹಿಂದಿನ ಜೀಪಿನ ದೀಪವನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು. ದೀಪ ಕಾಣದಿದ್ದರೆ ನಿಲ್ಲಬೇಕು, ನಿಂತು ಕಾಯಬೇಕು, ಬಾರದಿದ್ದರೆ ಹಿಂದಿರುಗಬೇಕು.

ಯೋರುನಳ ಪಕ್ಕದಲ್ಲಿ ಅವಳ ಅಪ್ಪ ಗ್ರೀಮುರ್ ಕೂತಿದ್ದರು. ಪ್ರಾಯದಲ್ಲಿ ಇದೇ ಬೆಟ್ಟದ ಮೇಲೆ ಟಪಾಲು ಗಾಡಿ ಓಡಿಸಿದ ಮನುಷ್ಯ. ಈಗ ಸೊಂಟದ ಆಪರೇಶನ್ ಆಗಿ ಊರುಗೋಲಿಲ್ಲದೆ ಹೆಜ್ಜೆ ಎತ್ತಲಾರರು. ಆ ತಂಗುಮನೆಯನ್ನು ಒಂದು ಸಲ ನೋಡಬೇಕು ಎಂದು ಮಗಳನ್ನು ಕಾಡಿ ಬೇಡಿ ಬಂದಿದ್ದರು.

ಹಿಮ ಶುರುವಾದಲ್ಲಿ ಎಲ್ಲರೂ ಇಳಿದು ಟೈರಿನ ಗಾಳಿ ಬಿಟ್ಟರು. ಚಕ್ರ ರೊಟ್ಟಿಯ ಹಾಗೆ ಅಗಲವಾಗಿ ಹರಡಿಕೊಂಡರೆ ಮಾತ್ರ ಗಾಡಿ ಹಿಮದ ಮೇಲೆ ನಿಲ್ಲುತ್ತದೆ. ಯೋರುನ್ ಹೆದರಿ ಹೆದರಿ ಓಡಿಸುತ್ತಿದ್ದಳು. ಅವಳ ಹಿಂದೆ ತೆವಳುವುದು ಬ್ರಾಂದುರನಿಗೆ ಬೇಸರವಾಯಿತು. ಒಂದು ಏರಿನಲ್ಲಿ ಬಲಕ್ಕೆ ತಿರುಗಿಸಿ ಅವಳನ್ನು ದಾಟಿದವನೇ “ಬಾ ಬಾ, ನಿಧಾನವಾಗಿ ಬಾ, ಮೇ ತಿಂಗಳಿಗೆ ಊಟಕ್ಕೆ ಸಿಕ್ಕೋಣ” ಎಂದು ವೈರ್‌ಲೆಸ್ಸಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಈಗ ಅವಳ ದೀಪ ಅವನ ಕನ್ನಡಿಯ ಪಾಲಿಗೆ ಬಂತು.

ಮುಂದೆ ಒಂದು ತಗ್ಗು. ಮೇಲೆ ಗಟ್ಟಿ ಹಿಮದ ಹೆಪ್ಪು, ಕೆಳಗೆ ತೊರೆಯ ನೀರು ಕುಡಿದು ಅಂಬಲಿಯಾದ ಹಿಮ. ಟೇಟುರ್ ದಾಟಿದ, ಸ್ವಾಲಾ ದಾಟಿದಳು, ಬ್ರಾಂದುರನೂ ದಾಟಿದ. ದಾಟುವಾಗ ಅಡಿಯಲ್ಲಿ ಹೆಪ್ಪು ಲಟಕ್ಕೆಂದದ್ದು ಅವನಿಗೆ ಕೇಳಿಸಿತು. ಹೇಳಬೇಕಿತ್ತು. ಆದರೆ ಆ ಹೊತ್ತಿಗೆ ಅವನು ಟೇಟುರನ ಅಡುಗೆಯ ಮೇಲೆ ಒಂದು ಕತೆ ಶುರುಮಾಡಿಬಿಟ್ಟಿದ್ದ. ಕತೆ ಮುಗಿದ ಮೇಲೆ ಕನ್ನಡಿ ನೋಡಿದರೆ ದೀಪವಿಲ್ಲ.

“ಯೋರುನ್, ಎಲ್ಲಿದೀಯಾ?”

ಸ್ವಲ್ಪ ತಡವಾಗಿ ಉತ್ತರ ಬಂತು. “ಬರ್ತಾ ಇದೀನಿ. ಟೈರಿನ ಗಾಳಿ ನೋಡ್ತಿದೀನಿ. ನೀವು ನಡೀರಿ.”

“ಬೂಟು ಜೋಪಾನ ಮತ್ತೆ!” ಎಂದ. ಅವಳು ನಕ್ಕ ಹಾಗೆ ಕೇಳಿಸಿತು. ಅವನು ನಿಲ್ಲಲಿಲ್ಲ.

ತಂಗುಮನೆಯಲ್ಲಿ ಒಲೆ ಹೊತ್ತಿತು, ಕುರಿಮಾಂಸದ ಸೂಪು ಕುದಿಯಿತು, ಯೋರುನ್ ಬರಲಿಲ್ಲ. ಟೇಟುರ್ ಕಿಟಕಿಗೆ ಹೋಗಿ ಹೋಗಿ ನೋಡಿದ. “ಒಟ್ಟಿಗೇ ಹೋಗೋಣ” ಎಂದು ಕೋಟಿಗೆ ಕೈ ಹಾಕಿದ. ಬ್ರಾಂದುರ್ ಬಿಡಲಿಲ್ಲ.

“ನೀನು ಸೂಪು ನೋಡ್ಕೋ ಮಾರಾಯಾ. ನಾನೊಬ್ನೇ ಹೋಗಿ ಕರ್ಕೊಂಡು ಬರ್ತೀನಿ.”

ಒಬ್ಬನೇ ಹೋಗುವುದಕ್ಕೆ ಕಾರಣ ಇಲ್ಲದಿರಲಿಲ್ಲ. ಅವಳು ಮತ್ತೆ ಹೂತುಕೊಂಡಿರುತ್ತಾಳೆ ಎಂದು ಅವನಿಗೆ ಖಾತ್ರಿ. ಉಳಿದವರು ಬಂದು ಎಳೆದು ಹಾಕುವ ಮೊದಲೇ ಫೋನಿನಲ್ಲಿ ಹಿಡಿದಿಟ್ಟುಕೊಂಡರೆ ಮುಂದಿನ ಔತಣಕ್ಕೆ ಗೋಡೆಯ ಮೇಲೆ ತೋರಿಸಬಹುದು. ಇದನ್ನು ಯೋಚಿಸುತ್ತ ಅವನು ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಿದ್ದ. ಇಂಥ ಮನುಷ್ಯನಿಗೆ ಏನು ಹೇಳೋಣ!

ತಗ್ಗಿನ ದಂಡೆಗೆ ಬಂದಾಗ ಕಂಡದ್ದು ಜೀಪಿನ ಹಿಂಭಾಗ ಮಾತ್ರ. ಮೂತಿ ಅಂಬಲಿಯೊಳಗೆ ಹೂತು, ಹಿಂದಿನ ಚಕ್ರ ಮೇಲೆದ್ದಿತ್ತು. ಮೂರು ಗಾಡಿ ದಾಟಿ ಸಡಿಲವಾಗಿದ್ದ ಹೆಪ್ಪು ನಾಲ್ಕನೆಯದನ್ನು ತಡೆದಿರಲಿಲ್ಲ. ಜೀಪಿನ ಪಕ್ಕ ಯೋರುನ್ ಬೆನ್ನು ಹಾಕಿ ನಿಂತು ಸಲಿಕೆಯಲ್ಲಿ ಏನೋ ಎತ್ತಿ ಎಸೆಯುತ್ತಿದ್ದಳು. ಬ್ರಾಂದುರ್ ಕಿಟಕಿ ಇಳಿಸಿ, ಫೋನು ಚಾಲೂ ಮಾಡಿ ಕೂಗಿದ:

“ಓಹೋಹೋ! ಮೇಡಂ, ಈಜು ಪಾಠ ಇಲ್ಲೇ ಶುರುವಾಯ್ತಾ?”

ಅವಳು ತಿರುಗಿದಳು. ಫೋನಿನ ಪರದೆಯಲ್ಲಿ ಅವಳ ಮುಖ ನೀಲಿಗಟ್ಟಿತ್ತು. ಸೊಂಟದ ತನಕ ಬಟ್ಟೆ ನೆನೆದು ಗಾಳಿಗೆ ಹಲಗೆಯಾಗಿತ್ತು. ಅವಳ ಹಿಂದೆ, ಗಾಜಿನ ಆಚೆ, ಬಿಳಿಯ ಉಣ್ಣೆಯ ಟೊಪ್ಪಿಗೆ ಕಂಡಿತು. ಗ್ರೀಮುರ್ ಸೀಟಿನಲ್ಲೇ ಕೂತಿದ್ದರು, ನೀರು ಅವರ ತೊಡೆಗೆ ಬಂದಿತ್ತು.

ಬ್ರಾಂದುರ್ ಬಾಗಿಲು ತಳ್ಳಿದ. ಫೋನು ಎಲ್ಲಿ ಬಿತ್ತೋ ನೋಡಲಿಲ್ಲ. ಇಳಿದು ಓಡಿದವನು ನಾಲ್ಕೇ ಹೆಜ್ಜೆಗೆ ತೊಡೆ ತನಕ ಕುಸಿದ. ಆ ಚಳಿ ಮೂಳೆಗೇ ಕಚ್ಚಿತು. ಹೇಗೋ ಜೀಪು ಮುಟ್ಟಿ ಗ್ರೀಮುರ್ ಕೂತ ಕಡೆಯ ಬಾಗಿಲು ಎಳೆದ. ಹಿಮ ಒತ್ತಿಕೊಂಡು ಅದು ಮಿಸುಕಲಿಲ್ಲ. ದಂಡೆಗೆ ಮರಳಿ ತನ್ನ ಗಾಡಿಯಿಂದ ಹಗ್ಗ ಕಟ್ಟಿ ಎಳೆದು ನೋಡಿದ. ಅವಳ ಗಾಡಿ ಕದಲುವ ಬದಲು ಅವನದೇ ಜಾರಿ ತಗ್ಗಿಗೆ ಮುಖ ಮಾಡಿತು. ಹಗ್ಗ ಬಿಚ್ಚಿ, ಬರಲಾರೆನೆಂದು ಒದ್ದಾಡುತ್ತಿದ್ದ ಯೋರುನಳನ್ನು ಹೊತ್ತು ತಂದು ತನ್ನ ಸೀಟಿನಲ್ಲಿ ಹಾಕಿ, ಬಿಸಿಗಾಳಿ ಜೋರು ಮಾಡಿದ.

“ಯಾಕೆ ಕರೀಲಿಲ್ಲ? ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ!” ಎಂದು ಅವಳ ಮೇಲೇ ರೇಗಿದ.

ಅವಳ ಹಲ್ಲು ಕಟಕಟ ಅನ್ನುತ್ತಿತ್ತು. “ಮೊದ್ಲು ಮೂತಿ ಮಾತ್ರ ಸಿಕ್ಕಿತ್ತು. ನಾನೇ ತೆಗೀಬಹುದು ಅಂದ್ಕೊಂಡೆ. ಅಪ್ಪಾನೂ ಹಂಗೇ ಅಂದ್ರು, ಕರೀಬೇಡ, ಮತ್ತೆ ಊರೆಲ್ಲ ಆಡ್ಕೋತಾರೆ ಅಂದ್ರು. ಆಮೇಲೆ ನೀರು ಏರ್ತು. ಕರೆಯೋಣ ಅಂತ ನೋಡಿದ್ರೆ ಬ್ಯಾಟರಿ ಮುಳುಗಿ ಹೋಗಿತ್ತು.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು. ಬ್ರಾಂದುರ್ ಅವಳ ಕಡೆ ನೋಡಲಾರದೆ ಮೈಕು ಎತ್ತಿಕೊಂಡ.

“ಟೇಟುರ್! ಸ್ವಾಲಾ! ಹಗ್ಗ, ಹಲಗೆ, ಕಂಬಳಿ ಎಲ್ಲಾ ತಗೊಂಡು ಓಡಿ ಬನ್ನಿ. ಯೋರುನ್ ಗಾಡಿ ಮುಳುಗಿದೆ, ಗ್ರೀಮುರ್ ನೀರಲ್ಲಿ ಕೂತಿದಾರೆ. ಬೇಗ!”

ತಂಗುಮನೆಯ ವೈರ್‌ಲೆಸ್ಸಿನಿಂದ ಟೇಟುರನ ನಗು ಮೊದಲು ಬಂತು, ಹಿಂದೆ ಮಾತು. “ಏನಂತೆ, ಕಾಲುಚೀಲ ಒದ್ದೆ ಆಯ್ತಂತಾ?”

“ತಮಾಷೆ ಅಲ್ಲ ಕಣೋ!”

“ಹೋದ ವರ್ಷಾನೂ ಇದೇ ಅಂದಿದ್ದೆ. ಬಿದ್ದೆ, ಕಾಲು ಮುರೀತು, ಬನ್ನಿ ಅಂತ ಗೋಳಾಡಿದ್ದೆ. ನಾವು ಸಲಿಕೆ ಹೊತ್ಕೊಂಡು ಓಡಿಬಂದ್ರೆ ನೀನು ಬಂಡೆ ಮರೇಲಿ ಕೂತು ಕಾಫಿ ಹೀರ್ತಿದ್ದೆ. ಇನ್ನೊಂದ್ಸಲ ಬಕ್ರಾ ಆಗಲ್ಲಪ್ಪ ನಾನು.”

“ಟೇಟುರ್, ನನ್ನಾಣೆಗೂ ನಿಜ!”

ಈಗ ಸ್ವಾಲಾಳ ದನಿ. “ನಿನ್ನಾಣೆ ಕೇಳಿ ಕೇಳಿ ಸಾಕಾಗಿದೆ ನಂಗೆ. ಸೂಪು ಆರ್ತಿದೆ, ಅವರಿಬ್ಬರನ್ನೂ ಗೋಳು ಹುಯ್ಕೊಳ್ಳದೆ ಕರ್ಕೊಂಡು ಬಾ.”

ಬ್ರಾಂದುರ್ ಕಿರುಚಿದ. ಕಿರುಚಿದಷ್ಟೂ ಅತ್ತ ನಗು ಜೋರಾಯಿತು. ಅವನ ಕಿರುಚಾಟ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಔತಣದ ವೇದಿಕೆಯ ಮೇಲೆ ಇದಕ್ಕಿಂತ ಚೆನ್ನಾಗಿ ಕಿರುಚಿದ್ದ. ತಗ್ಗಿನಲ್ಲಿ ಆ ಉಣ್ಣೆಯ ಟೊಪ್ಪಿಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ತಂಗುಮನೆಗೆ ಓಡಿಸಿಕೊಂಡು ಹೋಗಿ ಬರುವಷ್ಟು ಹೊತ್ತು ಅದು ಹಾಗೆ ಇರುವಂತೆ ಕಾಣಲಿಲ್ಲ. ತನ್ನ ಬಾಯಿಂದ ಬಂದ ಒಂದು ನಿಜ ಮಾತನ್ನು ಕಟ್ಟಿಕೊಂಡ ಹೆಂಡತಿಯೂ ನಂಬುವುದಿಲ್ಲವಲ್ಲ ಎಂದು ಅವನಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ಇಲ್ಲಿ ಕೊಡು” ಎಂದಳು ಯೋರುನ್.

ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಕಾಲುಚೀಲದ ಮಾತನ್ನೂ. ಮೈಕು ಹಿಡಿದಳು, ಗುಂಡಿ ಒತ್ತಲು ಬೆರಳು ಬಗ್ಗಲಿಲ್ಲ. ಬ್ರಾಂದುರ್ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು ತಾನೇ ಗುಂಡಿ ಒತ್ತಿದ. ಈ ಮಾತು ಆಡುವುದು ತಪ್ಪಲಿ ಎಂದೇ ಅವಳು ಅಷ್ಟು ಹೊತ್ತು ನೀರಲ್ಲಿ ನಿಂತು ಅಗೆದದ್ದು.

“ನಾನು ಯೋರುನ್. ಮತ್ತೆ ಹೂತ್ಕೊಂಡಿದೀನಿ. ಅಪ್ಪನ್ನ ತೆಗೆಯೋಕೆ ನನ್ ಕೈಲಾಗ್ತಿಲ್ಲ. ದಯವಿಟ್ಟು ಬನ್ನಿ.”

ಅವಳು ಸೀಟಿಗೆ ಒರಗಿದಳು. ಬ್ರಾಂದುರ್ ಮೈಕನ್ನು ಹಾಗೇ ಹಿಡಿದುಕೊಂಡು ತಗ್ಗಿನ ಕಡೆ ನೋಡುತ್ತಿದ್ದ.

“ಬರ್ತಾ ವಿಡಿಯೋ ಮಾಡ್ದೆ ಅಲ್ವಾ ನೀನು?” ಎಂದಳು.

ಸುಳ್ಳು ಹೇಳಬೇಕೆಂದು ನಾಲಿಗೆ ಹೊರಳಿತು. “ಹೂಂ. ಮಾಡ್ದೆ.”

“ಅಪ್ಪ ಇರೋದನ್ನ ತೆಗೆದುಬಿಡು. ಅವರು ಬೇಡ. ನಂದು ಇದ್ರೆ ಇರ್ಲಿ, ಔತಣಕ್ಕೆ ಬೇಕಲ್ಲ ನಿಂಗೆ.”

ಚುಚ್ಚಬೇಕೆಂದು ಹೇಳಿದ್ದಲ್ಲ. ನಿಜವಾಗಿಯೂ ಬೇಡಿಕೊಂಡಳು. ಬ್ರಾಂದುರ್ ಕೆಳಗೆ ನೋಡಿದರೆ ಅವನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಮಾತೆಲ್ಲ ತಂಗುಮನೆಗೆ ಹೋಗಿತ್ತು. ಬೆರಳು ತೆಗೆದ. ಅತ್ತ ಕಡೆ ಯಾರೂ ನಗುತ್ತಿರಲಿಲ್ಲ. ಬಾಗಿಲು ಬಡಿದ ಸದ್ದು, ಎಂಜಿನ್ನಿನ ಸದ್ದು, ಆಮೇಲೆ ಸ್ವಾಲಾಳ ದನಿ: “ಬಂದ್ವಿ ಯೋರುನ್. ಬಂದ್ವಿ ಕಣೇ.” ಗಂಡನ ಹೆಸರು ಎತ್ತಲಿಲ್ಲ.

ಅವರು ಬರುವ ತನಕ ಬ್ರಾಂದುರ್ ಜೀಪಿನಲ್ಲಿ ಕೂರಲಿಲ್ಲ. ಮತ್ತೆ ಅಂಬಲಿಗಿಳಿದು ಸಲಿಕೆಯ ಹಿಡಿಯಿಂದ ಗಾಜು ಒಡೆದು, ಹೊರಗಿನಿಂದ ಗ್ರೀಮುರರ ಹೆಗಲು ಹಿಡಿದು ವಾಲದಂತೆ ನಿಲ್ಲಿಸಿಕೊಂಡ. ಮುದುಕ ಕಣ್ಣು ಮುಚ್ಚಿದ್ದರು, ಉಸಿರು ಸಣ್ಣಗೆ ಆಡುತ್ತಿತ್ತು. ಟೇಟುರ್ ಬಂದ, ಸ್ವಾಲಾ ಬಂದಳು. ಹಲಗೆ ಹಾಸಿ, ಹಗ್ಗ ಕಟ್ಟಿ, ಮೂವರೂ ಸೇರಿ ಅವರನ್ನು ಕಿಟಕಿಯಿಂದ ಎಳೆದು ಕಂಬಳಿಯ ಮೇಲೆ ಮಲಗಿಸಿದರು. ಯಾರೂ ಬ್ರಾಂದುರನಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು ಅವನಿಗೆ. ಟೇಟುರ್ “ಕಾಲು ಹಿಡಿ” ಎಂದ, ಅವನು ಕಾಲು ಹಿಡಿದ, ಅಷ್ಟೇ.

ದಂಡೆಗೆ ಬಂದಾಗ ಗ್ರೀಮುರರಿಗೆ ಎಚ್ಚರವಾಯಿತು. ಕಣ್ಣು ಸುತ್ತ ತಿರುಗಿ ಕಾಲ ಬಳಿ ಇದ್ದ ಬ್ರಾಂದುರನ ಮೇಲೆ ನಿಂತಿತು. ಗುರುತು ಸಿಕ್ಕಿತು. ಮುದುಕ ಗಡಿಬಿಡಿಯಿಂದ, ನೀಲಿ ತುಟಿ ಅಗಲಿಸಿ, ನಗಲು ಶುರುಮಾಡಿದರು. ಅವನ ಮಾತು ಬರುವ ಮೊದಲೇ ನಕ್ಕು ಮುಗಿಸಿಬಿಟ್ಟರೆ ಕಡಿಮೆ ನೋಯುತ್ತದೆ ಎನ್ನುವ ಹಾಗೆ ನಕ್ಕರು.

ಆ ನಗು ಬ್ರಾಂದುರನಿಗೆ ಹೊಸದಲ್ಲ. ಅವನು ಅಂಗಡಿಯ ಬಾಗಿಲು ತೆರೆದೊಡನೆ, ಈಜುಕೊಳದ ತೊಟ್ಟಿಗೆ ಇಳಿದೊಡನೆ ಎಲ್ಲರ ಮುಖದಲ್ಲೂ ಇದೇ ಮೂಡುತ್ತಿತ್ತು. ತನ್ನನ್ನು ಕಂಡರೆ ಊರಿಗೆ ಪ್ರೀತಿ ಎಂದುಕೊಂಡು ಅವನು ಇಷ್ಟು ವರ್ಷ ಬದುಕಿದ್ದ.

“ನಗಬೇಡಿ ಗ್ರೀಮುರ್” ಎಂದ. “ನಾನು ಏನೂ ಹೇಳಲ್ಲ. ನಗಬೇಡಿ.”

ಮುದುಕ ಅದನ್ನೂ ತಮಾಷೆಯೆಂದೇ ತಿಳಿದು ಇನ್ನಷ್ಟು ನಕ್ಕರು.