ಪರೀಕ್ಷಕರ ಉಗುರು

ನೇಲ್ ಪಾಲಿಶ್ ತಯಾರಿಸುವವಳ ಉಗುರೇ ಹಾಳಾಗಿತ್ತು. ಹಚ್ಚಿ, ಒರೆಸಿ, ಮತ್ತೆ ಹಚ್ಚಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದುಬರುತ್ತಿತ್ತು. ಆದ್ದರಿಂದ ಭಾನುವಾರ ಮಧ್ಯಾಹ್ನ ಅವಳು ಗಂಡನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಅವನ ಕೈ ಹಿಡಿದುಕೊಂಡಳು. ಗಂಡ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಪರೀಕ್ಷಕ.

"ಅಲ್ಲಾಡಿಸಬೇಡ."

"ನಾಳೆ ಆಫೀಸಿಗೆ ಹೋಗ್ಬೇಕು ಕಣೆ."

"ಅದಕ್ಕೇ ಹಚ್ತಿರೋದು. ಇದು ಹಾಲೋಗ್ರಾಫಿಕ್. ನಮ್ಮನೆ ಟ್ಯೂಬ್‌ಲೈಟಲ್ಲಿ ಬರೀ ಬೂದಿ, ಬಿಸಿಲು ಬಿದ್ರೆ ಏಳೂ ಬಣ್ಣ. ನೀನು ದಿನವಿಡೀ ಬಿಸಿಲಲ್ಲಿ ಕಾರೊಳಗೆ ಕೂತು ಡ್ಯಾಶ್‌ಬೋರ್ಡ್ ಮೇಲೆ ಕೈ ಇಟ್ಕೊಂಡಿರ್ತೀಯ. ಇಂಥ ಅದೃಷ್ಟದ ಉಗುರು ನಂಗೆಲ್ಲಿ ಸಿಗಬೇಕು?"

ಪಕ್ಕದ ಕೋಣೆಯಿಂದ ಅವಳ ಅಮ್ಮ ಕೂಗಿದರು. "ಅಳಿಯಂದ್ರಿಗೆ ಎರಡು ಬಳೆನೂ ತೊಡಿಸಿಬಿಡು, ಲಕ್ಷಣವಾಗಿರುತ್ತೆ! ನನ್ನ ಅಡುಗೆಮನೆ ಯಾವಾಗ ಬಿಟ್ಟುಕೊಡ್ತೀಯ? ಹಾಲಿಗೂ ಪೇಂಟ್ ವಾಸನೆ."

ಬಣ್ಣಕ್ಕೆ ಅವಳು ಇಟ್ಟ ಹೆಸರು 'ಅಪರಾಹ್ನದ ಪಶ್ಚಾತ್ತಾಪ'. ಈ ಹಿಂದಿನ ಬಣ್ಣಗಳನ್ನು ಕೊಂಡವರೆಲ್ಲ ನೆಂಟರು. ಚಿಕ್ಕಮ್ಮನ ಮನೆಯಲ್ಲಿ ಸೀಸೆಗಳು ಮುಚ್ಚಳ ಕೂಡ ತೆರೆಯದೆ ಗಾಜಿನ ಕಪಾಟಿನಲ್ಲಿ ನಿಂತಿದ್ದವು, ಪ್ರೀತಿಯ ಸಾಕ್ಷಿಯಾಗಿ.

"ಗೊತ್ತಿಲ್ಲದವರು ಯಾರಾದ್ರೂ ಒಬ್ಬರು ಇದನ್ನ ಕಣ್ತುಂಬಾ ನೋಡ್ಬೇಕು," ಅಂದಳು ಅವಳು, ಕಿರುಬೆರಳಿನ ಮೇಲೆ ಉಸಿರು ಊದುತ್ತಾ. "ಒಬ್ಬರೂ ನೋಡ್ಲಿಲ್ಲ ಅಂದ್ರೆ ಅಡುಗೆಮನೆ ಅಮ್ಮನಿಗೆ ವಾಪಸ್. ಮುಗೀತು."

ಪರೀಕ್ಷೆಯ ಕಾರಿನಲ್ಲಿ ಮಾತಾಡುವಂತಿಲ್ಲ ಎಂಬುದು ಇಲಾಖೆಯ ನಿಯಮ. ಪರೀಕ್ಷಕ 'ಎಡಕ್ಕೆ', 'ಬಲಕ್ಕೆ', 'ನಿಲ್ಲಿಸಿ' ಎನ್ನಬಹುದು. ಕಲಿಯುವವರು ಅದನ್ನೂ ಅನ್ನುವಂತಿಲ್ಲ. ಸೋಮವಾರ ಮೊದಲು ಬಂದ ಬ್ಯಾಂಕ್ ಗುಮಾಸ್ತ ರಿವರ್ಸ್ ಹಾಕುವಾಗ ಮೋಡ ಸರಿದು ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲು ಬಿತ್ತು. ಐದು ಉಗುರಿಗೂ ಒಟ್ಟಿಗೇ ಬೆಂಕಿ ಹತ್ತಿದ ಹಾಗಾಯಿತು. ಗುಮಾಸ್ತ ಬೆಚ್ಚಿದ. ಹಿಂದಿದ್ದ ಕೆಂಪು ಕೋನು ಚಕ್ರದಡಿ ಅಪ್ಪಚ್ಚಿಯಾಯಿತು. ಫೇಲು. ಯಾಕೆಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ.

ಸಂಜೆ ಹೆಂಡತಿ ವರದಿ ಕೇಳಿ ತಲೆಯಾಡಿಸಿದಳು. "ಅದು ನೋಡೋದಲ್ಲ, ಬೆಚ್ಚೋದು. ಲೆಕ್ಕಕ್ಕಿಲ್ಲ."

ಮುಂದಿನ ದಿನಗಳಲ್ಲಿ ಹೀಗೇ ಬೆಚ್ಚಿ ಫೇಲಾದವರು ಮಾತ್ರ ಕಚೇರಿಯ ಗೇಟಿನಾಚೆ ಸುಮ್ಮನಿರಲಿಲ್ಲ. ಪರೀಕ್ಷೆ ಬದಲಾಗಿದೆ, ಈಗ ಗಮನ ಕೆಡಿಸಿ ನೋಡುತ್ತಾರೆ, ಸಾಹೇಬರ ಉಗುರಿನ ಮೇಲೆ ಕಣ್ಣು ಬಿದ್ದರೆ ಫೇಲು ಎಂಬ ಸುದ್ದಿ ಊರಿನ ಡ್ರೈವಿಂಗ್ ಸ್ಕೂಲುಗಳಿಗೆಲ್ಲ ಹಬ್ಬಿತು. ಗಂಡಸೊಬ್ಬ ಸುಮ್ಮನೆ ಉಗುರಿಗೆ ಬಣ್ಣ ಹಚ್ಚಿಕೊಂಡಿದ್ದಾನೆ ಎಂದು ನಂಬುವುದಕ್ಕಿಂತ ಸರ್ಕಾರ ಹೊಸ ನಿಯಮ ತಂದಿದೆ ಎಂದು ನಂಬುವುದು ಎಲ್ಲರಿಗೂ ಸುಲಭವಾಗಿತ್ತು.

ಅತಿ ದೊಡ್ಡ ಸ್ಕೂಲಿನ ಯಜಮಾನಿಯನ್ನು ಎಲ್ಲರೂ ಕ್ಲಚ್ ಅಕ್ಕ ಅನ್ನುತ್ತಿದ್ದರು. ಆಕೆ ಅವನನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದಳು.

"ಸಾರ್, ನಿಯಮ ಕೇಳಲ್ಲ. ಬಣ್ಣ ಎಲ್ಲಿ ಸಿಗುತ್ತೆ, ಅಷ್ಟು ಹೇಳಿ."

ಅವನು ಹಿಗ್ಗಿ ಮನೆಯ ವಿಳಾಸ ಕೊಟ್ಟ. ವಾರದೊಳಗೆ ಸೀಸೆಗಳು ಖಾಲಿ. ಎಲ್ಲ ಸ್ಕೂಲುಗಳ ಗುರುಗಳೂ, ಮೀಸೆಯವರು ಕೂಡ, ಉಗುರು ಮಿನುಗಿಸಿಕೊಂಡು ಪಾಠ ಹೇಳತೊಡಗಿದರು. ಹೆಂಡತಿ ರಾತ್ರಿ ಹಗಲು ಕಲಸಿದಳು. ಅವನ ಅತ್ತೆ ಸೀಸೆಗೆ ಚೀಟಿ ಅಂಟಿಸುತ್ತಾ, "ನಮ್ಮ ಹುಡುಗಿ ಮೊದಲಿಂದಲೂ ಕೈಗುಣದವಳು," ಅನ್ನುವಷ್ಟು ಬದಲಾದರು. ಮೇಲಧಿಕಾರಿ ಅವನನ್ನು ಕರೆಸಿದರು. ಅವನು ಬೈಗುಳಕ್ಕೆ ತಯಾರಾಗಿಯೇ ಹೋದ. ಅವರು ಕೈ ಕುಲುಕಿ, ಯಾರೂ ಹೊರಡಿಸದ ಆ ಆದೇಶವನ್ನು ಇಷ್ಟು ನಿಷ್ಠೆಯಿಂದ ಪಾಲಿಸುತ್ತಿರುವವನು ಇವನೊಬ್ಬನೇ ಎಂದು ಮೆಚ್ಚಿಕೊಂಡರು. ಉಳಿದ ಪರೀಕ್ಷಕರಿಗೂ ಹಚ್ಚಿಸುವಂತೆ ಹೇಳಿದರು.

ಸೀಸೆಗಳು ಯಾಕೆ ಹೀಗೆ ಮಾರಾಟವಾಗುತ್ತಿವೆ ಎಂದು ಅವನು ಹೆಂಡತಿಗೆ ಹೇಳಿರಲಿಲ್ಲ. ಅವಳು ಅಷ್ಟು ಖುಷಿಯಾಗಿದ್ದಳು. ಹೇಳಿದ್ದು ಕ್ಲಚ್ ಅಕ್ಕ, ಎರಡನೇ ಸಲ ಸರಕು ಒಯ್ಯಲು ಬಂದಾಗ, ಬಾಗಿಲಲ್ಲೇ ನಿಂತು, ಬಾಯ್ತುಂಬಾ ಹೊಗಳುತ್ತಾ.

"ಏನು ಬಣ್ಣ ತಾಯಿ ನಿಮ್ದು! ಮೊದಲು ನಮ್ಮ ಹುಡುಗರು ಪೆದ್ದುಪೆದ್ದಾಗಿ ನೋಡ್ತಿದ್ರು. ತಲೆಗೆ ಮೊಟಕಿ ಮೊಟಕಿ ಅಭ್ಯಾಸ ಮಾಡಿಸಿದೀನಿ. ಈಗ ಮುಖದ ಮುಂದೆ ಹಿಡಿದ್ರೂ ಒಬ್ಬನೂ ಕಣ್ಣೆತ್ತಿ ನೋಡಲ್ಲ!"

ಹೆಂಡತಿ ಸೀಸೆಗಳ ಪೆಟ್ಟಿಗೆಯನ್ನು ಆಕೆಯ ಕೈಗಿಟ್ಟು ಒಳಗೆ ಬಂದಳು. ಬಣ್ಣದ ಪುಡಿಯ ಡಬ್ಬಿಗಳ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು.

"ಅಮ್ಮಾ, ಅಡುಗೆಮನೆ ತಗೋ."

"ಈಗಲಾ? ವ್ಯಾಪಾರ ಕುದುರಿದ ಮೇಲಾ?" ಅತ್ತೆ ಅಳಿಯನ ಕಡೆ ತಿರುಗಿದರು. "ನೀವಾದ್ರೂ ಬುದ್ಧಿ ಹೇಳಿ!"

"ನೀನು ನೋಡಿದೀಯಾ?" ಎಂದು ಹೆಂಡತಿ ಅವನನ್ನು ಕೇಳಿದಳು.

ಅವನು ಸುಳ್ಳು ಹೇಳಲಿಲ್ಲ. "ನಾನು ರಸ್ತೆ ನೋಡ್ಬೇಕಲ್ಲ."

ಮರುದಿನ ಕೊನೆಯ ಸರದಿಯಲ್ಲಿ ಬಂದವಳು ಕನ್ನಡಕದಂಗಡಿಯ ಹೆಂಗಸು. ಯಾವ ಸ್ಕೂಲಿಗೂ ಹೋಗದೆ ಅಣ್ಣನ ಕಾರಿನಲ್ಲಿ ಕಲಿತವಳಾದ್ದರಿಂದ ಸುದ್ದಿ ಅವಳ ಕಿವಿಗೆ ಬಿದ್ದಿರಲಿಲ್ಲ. ಚೆನ್ನಾಗಿಯೇ ಓಡಿಸುತ್ತಿದ್ದಳು. ತಿರುವು ದಾಟಿ ಎದುರು ಬಿಸಿಲು ಬಂದದ್ದೇ ತಡ, ಇಂಡಿಕೇಟರ್ ಹಾಕಿ, ಆ ಕಿರಿದಾದ ರಸ್ತೆಯಲ್ಲೇ ಕಾರನ್ನು ಪಕ್ಕಕ್ಕೆಳೆದು, ಎಂಜಿನ್ ಆರಿಸಿಬಿಟ್ಟಳು.

"ಒಂದ್ನಿಮಿಷ ಇರಿ ಸಾರ್."

ಅವನ ಕೈ ಎತ್ತಿಕೊಂಡು ಗಾಜಿನ ಹತ್ತಿರ ಹಿಡಿದಳು. ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು. ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ತಂದುಕೊಂಡಳು. ಅವನಿಗೆ 'ಎಡಕ್ಕೆ' ಎನ್ನಬೇಕೆನಿಸಿತು, ಇದಕ್ಕೆ ತಕ್ಕ ಮಾತು ನಿಯಮದಲ್ಲಿರಲಿಲ್ಲ.

"ಬೂದಿ ಅಂದ್ಕೊಂಡೆ," ಅಂದಳು. "ಅಯ್ಯೋ, ಒಳಗೆ ಹಸಿರೂ ಇದೆ!"

ಅವನೂ ನೋಡಿದ. ಇತ್ತು.

ವಿನಾಕಾರಣ ವಾಹನ ನಿಲ್ಲಿಸಿದ್ದಕ್ಕೆ ಅವಳನ್ನು ಫೇಲು ಮಾಡಲೇಬೇಕಾಯಿತು. ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ಹೆಂಡತಿಗೆ ಎಲ್ಲ ಹೇಳಿದ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. ಫೇಲಿನ ಮಾತು ಅವಳ ಕಿವಿಗೆ ಹೋದ ಹಾಗೆ ಕಾಣಲಿಲ್ಲ.

"ಯಾವ ಬೆರಳು ನೋಡಿದ್ಲು?"

"ಎಲ್ಲಾ. ಹೆಬ್ಬೆರಳು ಜಾಸ್ತಿ."

"ಎಷ್ಟು ಹೊತ್ತು?"

"ಹಿಂದೆ ಬಂದ ಲಾರಿಯವನು ಹಾರನ್ ಹೊಡೆದು, ಇಳಿದು ಬಂದು, ಬೈಯೋವರೆಗೂ."

"ಬೈದ್ನಾ?"

"ಶುರು ಮಾಡಿದ. ಆಮೇಲೆ ಅವನೂ ಕಿಟಕಿಯೊಳಗೆ ತಲೆ ಹಾಕ್ದ."

"ಅಮ್ಮಾ," ಎಂದು ಹೆಂಡತಿ ಕೂಗಿದಳು, "ಸ್ಟವ್ ಮೇಲಿಂದ ಆ ಪಾತ್ರೆ ಸ್ವಲ್ಪ ಇಳಿಸು."