ಗಾಜಿನ ಪೆಟ್ಟಿಗೆಯ ಟಗ್

ಸ್ಟೂಲಿನ ಮೇಲೆ ನಿಂತು ಸೆಲಿನ್ ಬೀರುವಿನ ಮೇಲಿಂದ ಗಾಜಿನ ಪೆಟ್ಟಿಗೆ ಇಳಿಸುತ್ತಿದ್ದಳು. ಸ್ಟೂಲು ಹಿಡಿಯಬೇಕಾದ ಸೋದರತ್ತೆ ತ್ರೇಸ್ಯಾ ಗಡಿಯಾರ ನೋಡುತ್ತಿದ್ದಳು.

"ಬೇಗ ಇಳಿಯೇ. ಮೂರು ಹೊಡೀತು. ಫೋಟೊದವನು ಕಾದು ಕಾದು ಎರಡು ಸಲ ಚಾ ಕುಡಿದ. ನಾಲ್ಕಕ್ಕೆ ಪಾದ್ರಿ ಬಂದ್ಬಿಡ್ತಾರೆ."

"ಅಪ್ಪಚ್ಚನ್ ಕೇಳಿದ್ದು ಇದೊಂದೇ, ಅಮ್ಮಾಯಿ. ಶವಪೆಟ್ಟಿಗೆ ಸುತ್ತ ನಿಂತು ಎಲ್ರೂ ಫೋಟೊ ತೆಗೆಸ್ಕೊಳ್ಳುವಾಗ ನನ್ನ ಟಗ್ ತಲೆ ಹತ್ರ ಇರ್ಲಿ ಅಂತ."

ಅವಳ ಅಪ್ಪಚ್ಚನ್, ಅಂದರೆ ತಂದೆ ಪತ್ರೋಸ್ ಮೇಸ್ತ್ರಿ, ಕೊಚ್ಚಿಯ ಬಂದರಿನಲ್ಲಿ ಮೂವತ್ತು ವರ್ಷ ಬಡಗಿಯಾಗಿದ್ದವರು. ದೊಡ್ಡ ಹಡಗುಗಳನ್ನು ಕಟ್ಟೆಗೆ ಎಳೆದು ತರುವ ಟಗ್ ಒಂದನ್ನು ಮೊಳದುದ್ದಕ್ಕೆ ಇಳಿಸಿ, ಬಿಡುವಿನ ವೇಳೆಯಲ್ಲಿ ತಾವೇ ಕಟ್ಟಿದ್ದರು. ತೇಗದ ಒಡಲು, ಸೀಸ ಎರೆದು ಮಾಡಿದ ಲಂಗರು, ಸೀಸದ ಕಂಬಿಗಳು, ಹಿತ್ತಾಳೆ ಹೊಳಪಿನ ಹೊಗೆಕೊಳವೆ. ಅದು ನೂರು ವರ್ಷ ಬಾಳಬೇಕೆಂದು ಹೊಸ ಪ್ಲೈವುಡ್ಡಿನ ತಳಕ್ಕೆ ಗಾಜು ಕೂರಿಸಿ, ಸಂದುಗಳಿಗೆಲ್ಲ ಅಂಟು ಬಳಿದು, ಮೇಲೆ ಕಪ್ಪು ಬಟ್ಟೆ ಹೊದಿಸಿದ್ದರು. ಬಿಸಿಲು ತಾಗಿದರೆ ಬಣ್ಣ ಹೋಗುತ್ತದಂತೆ. ಹನ್ನೊಂದು ವರ್ಷದಿಂದ ಆ ಬಟ್ಟೆ ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಸೆಲಿನ್ ಬಟ್ಟೆ ಸರಿಸಿದಳು. ಲಂಗರು ಇರಲಿಲ್ಲ. ಕಂಬಿಗಳು ಮುರಿದು ಬಿದ್ದಿದ್ದವು. ಟಗ್ಗಿನ ಮೇಲೆಲ್ಲ ಬಿಳಿ ಪುಡಿ.

"ಇದೇನೇ, ಯಾರೋ ಅಕ್ಕಿಹಿಟ್ಟು ಚೆಲ್ಲಿದ ಹಾಗಿದೆ," ಎಂದಳು ತ್ರೇಸ್ಯಾ.

ಸೆಲಿನ್‌ಗೆ ಅಳುವಿಗಿಂತ ಮೊದಲು ನಾಚಿಕೆ ಬಂತು. ಬಂದವರಿಗೆಲ್ಲ ಬಾಳಿಕೆಯ ಪಾಠ ಹೇಳುತ್ತಿದ್ದ ಮನುಷ್ಯ. ಅವರ ಕೊನೆಯ ಫೋಟೊ ನೋಡಿ ಕೇರಿಯೆಲ್ಲ ನಗುತ್ತದೆ.

"ಬರ್ಕ್‌ಮನ್ಸ್ ಅಂಕಲ್‌ನ ಕರೀರಿ. ಇಂಥ ಪುಟ್ಟ ಹಡಗು ಕಟ್ಟೋದು ಅವರಿಗೂ ಗೊತ್ತು."

"ಅವನನ್ನಾ? ಗೇಟು ದಾಟಿ ಒಳಗೆ ಬಂದಿಲ್ಲ ನೋಡು, ಇವತ್ತೂ. ಹೆಣದ ಮೇಲೂ ಹಟ."

"ನಾನು ಕರೆದೆ ಅನ್ನಿ."

*

ಹನ್ನೊಂದು ವರ್ಷದ ಹಿಂದೆ ಇದೇ ಜಗಲಿಗೆ ಬರ್ಕ್‌ಮನ್ಸ್ ತಾನು ಕಟ್ಟಿದ ಟಗ್ ತಂದಿದ್ದರು. ಪೂರ್ತಿ ರಟ್ಟಿನದು, ಔಷಧಿ ಡಬ್ಬಗಳನ್ನು ಕತ್ತರಿಸಿ ಮಾಡಿದ್ದು.

"ಒಂದು ಮಳೆಗಾಲ ಕಳೀಲಿ, ಗೆದ್ದಲಿಗೆ ಹಬ್ಬ," ಎಂದರು ಮೇಸ್ತ್ರಿ, ಹತ್ತು ಜನರ ಎದುರು.

"ಒಳಗೂ ಹೊರಗೂ ವಾರ್ನಿಶ್ ಕುಡಿಸಿದ್ದೀನಿ, ಮೇಸ್ತ್ರಿ."

"ಹಾಗಾದ್ರೆ ನಿನ್ನ ಶವಪೆಟ್ಟಿಗೇನೂ ರಟ್ಟಲ್ಲೇ ಮಾಡಿಸ್ಕೋ."

ಎಲ್ಲರೂ ನಕ್ಕರು. ಬರ್ಕ್‌ಮನ್ಸ್ ಟಗ್ಗನ್ನು ಅಲ್ಲೇ ಬಿಟ್ಟು ಎದ್ದುಹೋದರು. ಮರುದಿನ ಅದು ಜಗಲಿಯ ಮೇಲಿರಲಿಲ್ಲ. ಮೇಸ್ತ್ರಿ ಹಿನ್ನೀರಿಗೆ ಎಸೆದರೆಂದೇ ಎಲ್ಲರೂ ತಿಳಿದರು.

*

"ಊದಬೇಡ ಮಗಳೇ, ಅದು ವಿಷ. ಒದ್ದೆ ಬಟ್ಟೆ ತಾ."

ಬರ್ಕ್‌ಮನ್ಸ್ ಚಾಕುವಿನಿಂದ ಅಂಟು ಕೊಯ್ದು ಗಾಜು ಎತ್ತಿದರು. ಹುಳಿ ವಾಸನೆ ಬಂತು.

"ಹೊಸ ಪ್ಲೈವುಡ್‌ನ ಆವಿ. ಹೊರಗೆ ಹೋಗೋಕೆ ದಾರಿ ಇಲ್ದೆ ಸೀಸಾನ ತಿಂದುಹಾಕಿದೆ. ಎರಡು ತೂತು ಬಿಟ್ಟಿದ್ರೆ ಸಾಕಿತ್ತು."

ಗೆದ್ದವರ ಧ್ವನಿಯಾಗಿರಲಿಲ್ಲ ಅದು.

"ಮೇಣದಬತ್ತಿ ತಂದ ರಟ್ಟಿನ ಡಬ್ಬ ಇದೆಯಾ?"

ಸೆಲಿನ್ ತಡೆದಳು. "ಟಗ್ ಮೇಲೆ ಕಾಗದದ ಚೂರೂ ಕೂಡದು ಅಂತಿದ್ರು ಅಪ್ಪಚ್ಚನ್."

"ಗೊತ್ತು, ನನಗೇ ಅಂದಿದ್ದು. ನೀನು ಬೇಡ ಅಂದ್ರೆ ಬೇಡ."

ಹೊರಗೆ ಫೋಟೊದವನು ಕೆಮ್ಮಿದ. ಸೆಲಿನ್ ಡಬ್ಬ ತಂದುಕೊಟ್ಟಳು.

ತ್ರೇಸ್ಯಾಳ ಪುಟ್ಟ ಕತ್ತರಿಯಿಂದ ಬರ್ಕ್‌ಮನ್ಸ್ ಲಂಗರು ಕತ್ತರಿಸಿ, ಮೇಣದಬತ್ತಿಯ ಮಸಿ ಹಚ್ಚಿದರು. ಕಂಬಿಗಳ ಜಾಗಕ್ಕೆ ಕರಿ ದಾರ ಬಿಗಿದರು. ಇನ್ನೇನು ಮುಗಿಯಿತು ಎನ್ನುವಾಗ, ಅಡಿಯ ಪುಡಿ ಒರೆಸಲು ಹೊಗೆಕೊಳವೆಯನ್ನು ಎತ್ತಿದರು. ಭಾರಕ್ಕೆ ಸಿದ್ಧವಾಗಿದ್ದ ಕೈ ಥಟ್ಟನೆ ಮೇಲಕ್ಕೆ ಹೋಯಿತು.

ತಿರುಗಿಸಿ ಒಳಗೆ ನೋಡಿದರು. ಹೊರಗಷ್ಟೇ ಹಿತ್ತಾಳೆ ಬಣ್ಣ, ಒಳಗೆ ರಟ್ಟು. ವಾರ್ನಿಶ್ಶಿನಡಿ ಕೆಮ್ಮಿನ ಔಷಧಿಯ ಹೆಸರು ಇನ್ನೂ ಓದುವಂತಿತ್ತು. ಅದರ ಪಕ್ಕದಲ್ಲಿ ಪೆನ್ಸಿಲಿನ ಅಳತೆ ಗುರುತು, ಬರ್ಕ್‌ಮನ್ಸ್ ಅವರದೇ ಕೈಬರಹ. ಎಲ್ಲೂ ಮೆತ್ತಗಾಗಿರಲಿಲ್ಲ.

"ಏನಾಯ್ತು ಅಂಕಲ್? ಅದೂ ಹೋಯ್ತಾ? ಹಿತ್ತಾಳೆ ಅಲ್ವಾ ಅದು?"

ಬಾಗಿಲಲ್ಲಿ ತ್ರೇಸ್ಯಾಳೂ ಫೋಟೊದವನೂ ಇಣುಕುತ್ತಿದ್ದರು. ಬರ್ಕ್‌ಮನ್ಸ್ ಹೊಗೆಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿದರು.

"ಹಿತ್ತಾಳೆನೇ ಮಗಳೇ. ಅಪ್ಪಟ."

ಟಗ್ಗನ್ನು ಮೇಸ್ತ್ರಿಯ ತಲೆಯ ಬಳಿ ಇಟ್ಟರು. ಮನೆಯವರೆಲ್ಲ ಸುತ್ತ ನಿಂತರು. ಬರ್ಕ್‌ಮನ್ಸ್ ಕೊನೆಗೆ ಮುಂದೆ ಬಂದು, ಎರಡೂ ಕೈಯಲ್ಲಿ ಹೊಗೆಕೊಳವೆ ಹಿಡಿದು, ಉಸಿರು ಬಿಗಿಹಿಡಿದು, ತುಂಬಾ ಭಾರದ್ದನ್ನು ಇಳಿಸುವವರ ಹಾಗೆ ನಿಧಾನವಾಗಿ ಅದರ ಜಾಗದಲ್ಲಿ ಕೂರಿಸಿದರು.